ಗಾಡಿಗೆ ಪೌಡರ್ ಹಚ್ಚಿದ ಓಬಳೇಶಿ

ಬನ್ರೋ, ಬನ್ರೇ, ಚಾಪೆ ಮೇಲೆ ಸರಿಯಾಗಿ ಕೂತ್ಕೊಳ್ಳಿ. ಗೋಡೆಗೆ ಒರಗೋರು ಒರಗಿ, ಕಾಲು ಚಾಚೋರು ಚಾಚಿ, ನನ್ನ ಎಲೆಅಡಿಕೆ ಚೀಲ ಮಾತ್ರ ತುಳೀಬೇಡಿ. ಕತೆ ಹೇಳುವಾಗ ಹೂಂ ಅನ್ನಬೇಕು. ಹೂಂ ಅನ್ನೋರಿಲ್ಲದಿದ್ರೆ ಕತೆಗೂ ತೂಕಡಿಕೆ ಬರುತ್ತೆ. ಆಯ್ತಾ? ಹಾಗಾದ್ರೆ ಕೇಳಿ.

ಹಿರೇಗುಡ್ಡ ಅಂತ ಒಂದು ಪೇಟೆ. ಪೇಟೆ ಬೀದೀಲಿ ಒಂದು ಫೋಟೋ ಸ್ಟುಡಿಯೋ. ಸ್ಟುಡಿಯೋ ಯಜಮಾನ ತೀರಿಕೊಂಡಿದ್ದ. ಉಳಿದೋಳು ಅವನ ಹೆಂಡತಿ ಪಾಲಮ್ಮ, ಉಳಿದೋನು ಮಗ ಓಬಳೇಶಿ. ಓಬಳೇಶಿ ನೋಡೋಕೆ ಆಳೆತ್ತರ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಹೇಳಿದ್ದು ಮಾಡ್ತಿದ್ದ, ಹೇಳಿದ್ದೇ ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ.

"ಹಾಲು ಉಕ್ಕೋದು ನೋಡ್ತಿರಪ್ಪಾ" ಅಂತ ಅವ್ವ ನೀರಿಗೆ ಹೋದ್ರೆ, ಇವನು ಒಲೆ ಮುಂದೆ ಕೂತು ಕಣ್ತುಂಬ ನೋಡೋನು. ಅವ್ವ ಬಂದ ಮೇಲೆ "ಅವ್ವಾ, ಬಲು ಚೆನ್ನಾಗಿ ಉಕ್ತು!" ಅನ್ನೋನು. ಅಂಥ ಮಗ.

ಆ ಮನೇಲಿ ಒಂದು ಕ್ಯಾಮೆರಾ ಇತ್ತು. ಈಗಿನ ಫೋನಿನ ಹಾಗಲ್ಲ. ಒಳಗೆ ರೀಲು ಹಾಕಬೇಕು. ಒಂದು ಫೋಟೋ ತೆಗೆದ ಮೇಲೆ ಕಿವಿ ಹಿಂಡಿದ ಹಾಗೆ ತಿರುಗಿಸಬೇಕು. ರೀಲು ಮುಗಿದ ಮೇಲೆ ಕತ್ತಲೆ ಕೋಣೇಲಿ ಔಷಧಿ ನೀರಲ್ಲಿ ತೊಳೀಬೇಕು. ಆಮೇಲೆ ಕೆಂಪು ದೀಪದ ಕೆಳಗೆ, ಕಾಗದದ ಮೇಲೆ ಮುಖ ಮೂಡೋದು. ಗಂಡ ಇದ್ದಾಗ ಅವನು ತೆಗೀತಿದ್ದ, ಪಾಲಮ್ಮ ತೊಳೀತಿದ್ದಳು. ಈಗ ತೊಳೆಯೋಳು ಇದ್ದಳು, ತೆಗೆಯೋನು ಇರಲಿಲ್ಲ.

ಗಂಡನ ತಮ್ಮ ಗಾದ್ರಪ್ಪ ಅನ್ನೋನಿಗೆ ಎದುರು ಸಾಲಿನಲ್ಲಿ ಫೋಟೋಗೆ ಕಟ್ಟು ಹಾಕೋ ಅಂಗಡಿ. ಅವನಿಗೆ ಆ ಕ್ಯಾಮೆರಾ ಮೇಲೆ ಕಣ್ಣು.

"ಅತ್ತಿಗೇ, ಅಣ್ಣನ ಕ್ಯಾಮೆರಾ ನನಗೆ ಕೊಟ್ಬಿಡು. ನಿನ್ನ ಮಗ ಒಂದಿನ ಅದರಾಗೆ ಸಾಸಿವೆ ತುಂಬಿಡ್ತಾನೆ."

"ತುಂಬಲಿ ಬಿಡೋ! ನನ್ನ ಮಗ, ನನ್ನ ಸಾಸಿವೆ!"

ಹಾಗಂದ್ರೂ ಪಾಲಮ್ಮ ಕ್ಯಾಮೆರಾನ ಪೆಟ್ಟಿಗೇಲಿಟ್ಟು ಬೀಗ ಹಾಕಿದಳು. ಆ ಕ್ಯಾಮೆರಾ ಹೋದ್ರೆ ಗಂಡನ ಕೈ ಮನೆಯಿಂದ ಹೋದ ಹಾಗೆ. ಸ್ಟುಡಿಯೋ ಬಾಗಿಲೂ ಹೋದ ಹಾಗೆ.

ಹೀಗಿರುವಾಗ ಊರಾಚೆ ಹಳೇ ಲಾಯದಿಂದ ಕರೆ ಬಂತು. ಅಲ್ಲಿ ದೊರೆಸಾನಮ್ಮ ಅಂತ ಪಾಳೇಗಾರರ ಮನೆತನದ ಮುದುಕಿ, ತಮ್ಮ ಮನೆಯ ಹಳೇ ವಾಹನಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮ್ಯೂಸಿಯಂ ಮಾಡ್ತಿದ್ದಳು. ಊರೋರು ಅದನ್ನ ಗಾಡಿಮನೆ ಅಂತಿದ್ರು. ಅಜ್ಜಿ ಕಾಲದಲ್ಲಿ ಆಳುಗಳು ಹೊರ್ತಿದ್ದ ಮೇನಾ, ಅಪ್ಪನ ಕಾಲದ ಕುದುರೆ ಸಾರೋಟು, ಊರಿಗೆ ಮೊದಲು ಬಂದ ಕಪ್ಪು ಕಾರು, ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬೆನ್ನಿಗೆ ಒಲೆ ಕಟ್ಟಿಕೊಂಡು ಓಡಿದ ಇದ್ದಿಲು ಬಸ್ಸು, ಎಲ್ಲ ಅಲ್ಲಿತ್ತು. ಅವನ್ನ ಒರೆಸಿ ಎಣ್ಣೆ ಹಾಕೋಕೆ ದಸ್ತಗೀರ್ ಸಾಬ್ರು ಅನ್ನೋರಿದ್ರು.

ದೊರೆಸಾನಮ್ಮ ಅಂದಳು: "ಪಾಲಮ್ಮ, ಆಯುಧಪೂಜೆ ಸಾಯಂಕಾಲ ಬಾಗಿಲು ತೆರೀತೀನಿ. ಅಷ್ಟರೊಳಗೆ ಪ್ರತಿ ಗಾಡಿಯ ಹಿಂದೆ ಗೋಡೆ ಮೇಲೆ ಅದರ ಫೋಟೋ ಇರಬೇಕು. ಚೆನ್ನಾಗಿ ಬಂದ್ರೆ ಗಾಡಿಮನೆ ಫೋಟೋ ಕೆಲಸ ಯಾವಾಗಲೂ ನಿಮ್ಮ ಸ್ಟುಡಿಯೋಗೆ."

ಗಾದ್ರಪ್ಪನಿಗೆ ಸುದ್ದಿ ಮುಟ್ಟಿತು. ಓಡಿ ಬಂದ. "ಅತ್ತಿಗೇ, ಪಂಥ! ಪೂಜೆ ಮುಗಿಯೋದ್ರೊಳಗೆ ಫೋಟೋ ಎಲ್ಲ ಗೋಡೆ ಏರಿದ್ರೆ ಕ್ಯಾಮೆರಾ ನಿಂದು, ನಾನಿನ್ನು ಬಾಯಿ ಎತ್ತಲ್ಲ. ಏರದಿದ್ರೆ ನಂದು."

ಪಾಲಮ್ಮನಿಗೆ ರೋಷ ಬಂತು. "ಆಯ್ತು ಹೋಗೋ!" ಅಂದುಬಿಟ್ಟಳು.

ಮಗನನ್ನ ಕೂರಿಸಿಕೊಂಡು ಹೇಳಿದಳು: "ಓಬಳೇಶಿ, ನಿಮ್ಮಪ್ಪ ಸ್ಟುಡಿಯೋದಲ್ಲಿ ಹೆಂಗೆ ಮಾಡ್ತಿದ್ದ ನೆನಪೈತಾ? ಮೊದಲು ಪೌಡರ್ ಹಚ್ಚಿಸ್ತಿದ್ದ. ತಲೆ ಬಾಚಿಸ್ತಿದ್ದ. ಗದ್ದ ಸ್ವಲ್ಪ ಎತ್ತಿಸ್ತಿದ್ದ. 'ಸ್ವಲ್ಪ ನಗಿ' ಅಂತಿದ್ದ. ನಕ್ಕ ಮೇಲೆ ಒತ್ತುತ್ತಿದ್ದ. ಅಪ್ಪನ ಹಾಗೇ ಮಾಡು."

"ಹೂಂ ಅವ್ವಾ. ಅಪ್ಪನ ಹಾಗೇ ಮಾಡ್ತೀನಿ."

ಹೋದ. ಕಪ್ಪು ಕಾರಿನ ಮುಂದೆ ನಿಂತ. ಚೀಲದಿಂದ ಪೌಡರ್ ಡಬ್ಬಿ ತೆಗೆದ. ಕಾರಿನ ಎರಡು ದೀಪಕ್ಕೂ, ಮೂತಿಗೂ, ಮಡ್‌ಗಾರ್ಡಿಗೂ ಪಫಪಫ ಅಂತ ಪೌಡರ್ ಹಚ್ಚಿದ. ಬಾಚಣಿಗೆ ತೆಗೆದು ಮೇಲಿನ ಬಟ್ಟೆ ಚಾವಣಿ ಬಾಚಿದ. ಬಾನೆಟ್ಟಿಗೆ ಕೈ ಹಾಕಿ ಗದ್ದ ಎತ್ತಿದ. ಆಮೇಲೆ ಕ್ಯಾಮೆರಾ ಕಣ್ಣಿಗಿಟ್ಟು "ಸ್ವಲ್ಪ ನಗಿ" ಅಂದ.

ಕಾರು ನಗಲಿಲ್ಲ.

"ನಗಿ ಸ್ವಾಮಿ, ನಾಚ್ಕೋಬೇಡಿ."

ಊಹೂಂ.

ದಸ್ತಗೀರ್ ಸಾಬ್ರು ಎಣ್ಣೆ ಡಬ್ಬಿ ಹಿಡಿದುಕೊಂಡು ಬಂದು ನೋಡಿದ್ರು. ಒರೆಸಿ ಒರೆಸಿ ಕನ್ನಡಿ ಮಾಡಿದ್ದ ಕಾರು ಹಿಟ್ಟಿನ ಗಿರಣಿಯಿಂದ ಬಂದ ಹಾಗಿತ್ತು. "ಯಾ ಅಲ್ಲಾ! ಏನಪ್ಪಾ ಇದು?"

"ಶ್! ಮುಖ ಗಂಟು ಹಾಕ್ಕೊಂಡೈತೆ. ನೀವೊಂದು ಸ್ವಲ್ಪ ಕಚಗುಳಿ ಇಡಿ."

ಬಾಗಿಲು ಹಾಕೋ ಹೊತ್ತಾಯ್ತು. ಕಾರು ನಗಲಿಲ್ಲ, ಇವನು ಒತ್ತಲಿಲ್ಲ. ಖಾಲಿ ರೀಲು ಹೊತ್ತುಕೊಂಡು ಮನೆಗೆ ಬಂದ.

"ಅಯ್ಯೋ ನನ್ನ ಕರ್ಮವೇ!" ಪಾಲಮ್ಮ ಹಣೆ ಹಣೆ ಬಡಕೊಂಡಳು. "ಗಾಡಿ ನಗುತ್ತೇನೋ ಪೆದ್ದೇ! ಪೌಡರ್ ಬೇಡ, ಬಾಚಣಿಗೆ ಬೇಡ, ಮಾತೂ ಬೇಡ. ಮುಂದೆ ಯಾರಾದ್ರೂ ಅಡ್ಡ ಇದ್ರೆ 'ಅತ್ತ ಸರೀರಿ' ಅಂತ ಇಳಿಸಿ ಕಳಿಸು. ಮನುಷ್ಯರು ಒಬ್ರೂ ಕಾಣಬಾರದು. ಬರೀ ಗಾಡಿ ಕಾಣಬೇಕು. ಹಂಗೆ ತೆಗಿ!"

"ಹೂಂ ಅವ್ವಾ. ಮನುಷ್ಯರು ಒಬ್ರೂ ಕಾಣಬಾರದು."

ಮತ್ತೆ ಹೋದ. ಅವತ್ತೇನಾಗಿತ್ತು ಗೊತ್ತಾ? ದೊರೆಸಾನಮ್ಮನ ಮೊಮ್ಮಗಳ ಮದುವೆ ಆಗಿತ್ತು. ಆ ಮನೆತನದಲ್ಲಿ ಹೆಣ್ಣುಗಂಡು ಅರಿಶಿನದ ಬಟ್ಟೇಲೇ ಬಂದು ಸಾರೋಟು ಏರಿ ಒಂದು ಫೋಟೋ ತೆಗೆಸ್ಕೋಬೇಕು. ಅದು ಪದ್ಧತಿ. ಹೆಣ್ಣು ತಲೆ ತುಂಬ ಹೂ ಮುಡಿದು ಕೂತಿದ್ದಳು. ಗಂಡು ಬಾಸಿಂಗ ಕಟ್ಟಿಕೊಂಡು ಎದೆ ಉಬ್ಬಿಸಿ ಕೂತಿದ್ದ. ಬೀಗರೆಲ್ಲ ಸುತ್ತ ನಿಂತಿದ್ರು.

"ಓ, ಫೋಟೋದೋನು ಬಂದ! ಒಳ್ಳೇ ಸಮಯಕ್ಕೆ ಬಂದೆ ಮಗಾ, ತೆಗಿ" ಅಂದಳು ದೊರೆಸಾನಮ್ಮ.

ಓಬಳೇಶಿ ಕ್ಯಾಮೆರಾ ಒಳಗೆ ನೋಡಿದ. ತಲೆ ಅಲ್ಲಾಡಿಸಿದ. "ಮನುಷ್ಯರು ಕಾಣ್ತಾರೆ."

"ಕಾಣಲಿ ಅಂತಾನೇ ಅಲ್ವೇನೋ ಕೂರಿಸಿರೋದು?"

"ಊಹೂಂ. ಇಳೀರಿ. ಅತ್ತ ಸರೀರಿ." ಗಂಡಿನ ಕೈ ಹಿಡಿದು ಇಳಿಸಿದ. ಹೆಣ್ಣಿಗೆ ಕೈ ಮುಗಿದು ಇಳಿಸಿದ. ಬೀಗರನ್ನ ಕಂಬದ ಆಚೆ ತಳ್ಳಿದ. ಖಾಲಿ ಸಾರೋಟಿನ ಕಡೆ ತಿರುಗಿ ಟಕ್ ಅಂತ ಒಂದು, ಟಕ್ ಅಂತ ಇನ್ನೊಂದು, ರೀಲು ಮುಗಿಯೋ ತನಕ ಖಾಲಿ ಸಾರೋಟು ತೆಗೆದ. "ಮುಗೀತು. ಇನ್ನು ನೀವು ಮನೆಗೆ ಹೋಗಬಹುದು" ಅಂದ.

ಬೀಗರು ಕೆಂಡ. "ನಮ್ಮ ಮದುವೆ ಗಂಡು ಇಲ್ಲಿಗೇನು ಗಾಡಿ ಒರೆಸೋಕೆ ಬಂದಿದ್ನಾ?" ಅಂತ ಗಂಡಿನ ಸೋದರಮಾವ ತೋಳೇರಿಸಿದ. ದಸ್ತಗೀರ್ ಸಾಬ್ರು ಅಡ್ಡ ಬರದಿದ್ರೆ ಓಬಳೇಶಿ ಅವತ್ತೇ ಗೋಡೆ ಮೇಲಿನ ಫೋಟೋ ಆಗ್ತಿದ್ದ, ಹಾರ ಸಮೇತ.

ರಾತ್ರಿಗೆ ಮುಂಚೆ ಬೈಗುಳ ಮನೆ ಮುಟ್ಟಿತು. ಪಾಲಮ್ಮ ಮಗನ ಮೇಲೆ ಎಗರಿದಳು: "ಏನೋ ಅಬ್ಬೇಪಾರಿ! ಮದುಮಕ್ಕಳನ್ನ ಯಾರಾದ್ರೂ ಇಳಿಸ್ತಾರೇನೋ? ಫೋಟೋ ಅಂದ್ರೆ ಜನ ಕಣೋ! ಯಾರನ್ನೂ ಬಿಡಬಾರದು. 'ಎಲ್ಲಾರೂ ಬಂದ್ರಾ, ಯಾರಾದ್ರೂ ಬಿಟ್ಟೋದ್ರಾ' ಅಂತ ಕೇಳಬೇಕು. ಎಲ್ಲಾರೂ ಬಂದ ಮೇಲೇ ಒತ್ತಬೇಕು!"

"ಹೂಂ ಅವ್ವಾ. ಎಲ್ಲಾರೂ ಬಂದ ಮೇಲೇ ಒತ್ತಬೇಕು."

ಮುಂದಿನ ಸಲ ಹೋದದ್ದು ಸಂತೆ ದಿನ. ಗಾಡಿಮನೆ ಇದ್ದದ್ದೇ ಸಂತೆ ದಾರೀಲಿ. ಓಬಳೇಶಿ ಇದ್ದಿಲು ಬಸ್ಸಿನ ಮುಂದೆ ನಿಂತು ನೋಡಿದ. ಬಸ್ಸು ಖಾಲಿ. ಬಾಗಿಲಿಗೆ ಬಂದು ಬೀದಿ ಕಡೆ ಕೂಗಿದ: "ಬನ್ರೀ, ಬನ್ರೀ! ಎಲ್ಲಾರೂ ಬನ್ರೀ! ಯಾರೂ ಬಿಟ್ಟೋಗಬೇಡಿ!"

ಸಂತೆಯಿಂದ ಊರಿಗೆ ಹೋಗೋ ಬಸ್ಸು ಸಿಗದೆ ನಿಂತಿದ್ದ ಜನ. ಇದನ್ನ ಕೇಳಿದ್ದೇ ಹೋ ಅಂತ ನುಗ್ಗಿದ್ರು. ಬಾಗಿಲಲ್ಲಿ ಜಾಗ ಇಲ್ಲ ಅಂತ ಕಿಟಕೀಲಿ ಟವೆಲ್ ಎಸೆದು ಸೀಟು ಹಿಡಿದ್ರು.

"ಏಯ್, ಆ ಸೀಟು ನಂದು! ಟವೆಲ್ ಹಾಕೀನಿ!"

"ಟವೆಲ್ ಕೆಳಗೆ ನನ್ನ ಕೋಳಿ ಐತೆ ನೋಡು, ಅದು ಮೊದಲು ಬಂತು!"

"ಹಿರಿಯೂರಿಗೆ ಹೋಗುತ್ತೇನಪ್ಪಾ?" ಅಂತ ಒಬ್ಬಳು ಈರುಳ್ಳಿ ಮೂಟೆ ಇಳಿಸುತ್ತಾ ಕೇಳಿದಳು.

"ಎಲ್ಲಾರೂ ಬಂದ ಮೇಲೆ" ಅಂದ ಓಬಳೇಶಿ.

"ಅದೇ ಅದೇ, ಎಲ್ಲಾ ಬಸ್ಸೂ ಹಿಂಗೇ ಅಂತಾವೆ" ಅಂತ ಅವಳು ಮೂಟೆ ಮೇಲೇ ಕೂತಳು.

ಒಳಗೆ ತುಂಬಿತು. ಚಾವಣಿ ತುಂಬಿತು. ಹಿಂದಿನ ಒಲೆ ಮೇಲೂ ಇಬ್ಬರು ಮುದುಕರು ಏರಿ ಬೀಡಿ ಹಚ್ಚಿದ್ರು. ಕುರಿ ಬಂತು, ಕೋಳಿ ಬಂತು. ಓಬಳೇಶಿ "ಯಾರಾದ್ರೂ ಬಿಟ್ಟೋದ್ರಾ?" ಅಂತ ಕೇಳ್ತಾನೇ ಇದ್ದ, ಜನ "ತಡಿ, ನಮ್ಮತ್ತೆ ಬರ್ತಾವಳೆ, ತಡಿ, ನಮ್ಮ ಭಾವ ಬರ್ತಾವ್ನೆ" ಅಂತ ಕೂಗ್ತಾನೇ ಇದ್ರು. ಕೊನೆಗೆ ಬೀದಿ ಖಾಲಿ ಆಯ್ತು. ಆಗ ಇವನು ಟಕ್ ಟಕ್ ಅಂತ ಒತ್ತಿದ. ಒತ್ತಿದ ಸದ್ದಿಗೋ ಏನೋ, ಇದ್ದಿಲು ಬಸ್ಸಿನ ಮೆಟ್ಟಿಲು ಕಟಾರ್ ಅಂತು, ಜನ ಈರುಳ್ಳಿ ಸಮೇತ ಕೆಳಗೆ ಉರುಳಿದ್ರು. ದಸ್ತಗೀರ್ ಸಾಬ್ರು ತಲೆ ಮೇಲೆ ಕೈ ಹೊತ್ತು ಕೂತ್ರು. "ಐವತ್ತು ವರ್ಷದಿಂದ ನಿಂತಿರೋ ಬಸ್ಸಪ್ಪಾ ಇದು, ಇಳೀರಪ್ಪಾ" ಅಂದ್ರೆ, ಒಲೆ ಮೇಲಿನ ಮುದುಕ "ನಿಂತಿದ್ರೇನು, ಈಗ ಹೊರಡುತ್ತೆ" ಅಂತ ಇಳೀಲೇ ಇಲ್ಲ.

ಪಾಲಮ್ಮ ಆ ರೀಲು ತೊಳೆದು ನೋಡಿದಳು. ತಲೆಗಳು. ಟವೆಲ್‌ಗಳು. ಕುರಿ. ಬಸ್ಸು ಎಲ್ಲೂ ಇಲ್ಲ!

"ಬಸ್ಸೆಲ್ಲೋ ಮಗನೇ?"

"ಒಳಗೈತೆ ಅವ್ವಾ, ಜನದ ಕೆಳಗೆ."

ಅಷ್ಟರಲ್ಲಿ ಗಾದ್ರಪ್ಪ ಬಂದು ಬಾಗಿಲಲ್ಲಿ ನಿಂತ. "ಅತ್ತಿಗೇ, ಕ್ಯಾಮೆರಾಕ್ಕೆ ಒಂದು ಚರ್ಮದ ಚೀಲ ಹೊಲಿಸೀನಿ. ಅಳತೆ ಸರಿ ಐತಾ ನೋಡ್ಲಾ?"

"ನಿನ್ನ ಬಾಯಿಗೊಂದು ಚೀಲ ಹೊಲಿಸ್ಕೋ ಹೋಗೋ!"

ಅವನನ್ನ ಕಳಿಸಿ ಮಗನ ಕಡೆ ತಿರುಗಿದಳು. "ಓಬಳೇಶಿ, ನಾಳೆ ಒಂದೇ ದಿನ ಉಳಿದಿರೋದು. ನಾಡಿದ್ದು ಪೂಜೆ. ಜನ ಬೇಡ, ಏನೂ ಬೇಡ. ಒಂದೊಂದು ಗಾಡಿಗೆ ಒಂದೊಂದು ಫೋಟೋ. ಕಿಟಕಿ ಬಾಗಿಲು ತೆಗೆದು ಬೆಳಕು ಬಿಡು. ಬೆಳಕಿಲ್ಲದೆ ಫೋಟೋ ಇಲ್ಲ. ಚೆನ್ನಾಗಿ ಬಿಸಿಲು ಬೀಳಲಿ, ಗೊತ್ತಾಯ್ತಾ?"

"ಹೂಂ ಅವ್ವಾ. ಚೆನ್ನಾಗಿ ಬಿಸಿಲು ಬೀಳಲಿ."

ಮಾರನೇ ದಿನ ಹೋದ. ಮೇನಾ ತೆಗೆದ, ಸಾರೋಟು ತೆಗೆದ, ಬಸ್ಸು ತೆಗೆದ, ಕಾರು ತೆಗೆದ. ಕಿಟಕಿ ತೆಗೆದು, ಬೆಳಕು ನೋಡಿ, ಉಸಿರು ಹಿಡಿದು, ಒಂದಕ್ಕೆ ಒಂದು. ಏನೂ ತಪ್ಪು ಮಾಡಲಿಲ್ಲ. ದಸ್ತಗೀರ್ ಸಾಬ್ರೇ ಖುಷಿಯಾಗಿ ಮಧ್ಯಾಹ್ನ ಸ್ಟುಡಿಯೋ ತನಕ ಬಂದು ಹೇಳಿದ್ರು: "ಅಮ್ಮಾ, ಇವತ್ತು ನಿಮ್ಮ ಹುಡುಗ ಬಂಗಾರ! ಥೇಟು ಅವರಪ್ಪ!"

ಪಾಲಮ್ಮನ ಕಣ್ಣು ತುಂಬಿತು. ಔಷಧಿ ನೀರು ಕಲಸಿದಳು, ಕೆಂಪು ದೀಪ ಒರೆಸಿದಳು. "ಎಲ್ಲಿ ನನ್ನ ಕಂದ?" ಅಂತ ಹುಡುಕಿದಳು. ಕಂದ ಮಾಳಿಗೆ ಮೇಲಿದ್ದ. ಅವಳು ಒಣಹಾಕಿದ್ದ ಸಂಡಿಗೆ ಪಕ್ಕದಲ್ಲಿ, ಕ್ಯಾಮೆರಾದಿಂದ ರೀಲನ್ನೆಲ್ಲ ಹೊರಗೆಳೆದು, ಉದ್ದಕ್ಕೆ ಹಾಸಿ, ಗಾಳಿಗೆ ಹಾರದ ಹಾಗೆ ಕಲ್ಲಿಟ್ಟು, ಕೋಲು ಹಿಡಿದು ಕಾಗೆ ಓಡಿಸ್ತಾ ಕೂತಿದ್ದ.

"ಅವ್ವಾ, ಪಾಪ, ಇದು ಒಳಗೆ ಕತ್ತಲೇಲಿ ಇತ್ತು. ಎರಡೂ ಮಗ್ಗುಲಿಗೆ ಚೆನ್ನಾಗಿ ಬಿಸಿಲು ಬೀಳ್ಸೀನಿ!"

ರೀಲಿಗೆ ಬಿಸಿಲು ಬಿತ್ತು ಅಂದ್ರೆ ಮುಗೀತು, ಅದರೊಳಗಿನ ಫೋಟೋ ಎಲ್ಲ ಸುಟ್ಟ ಹಾಗೆ. ಪಾಲಮ್ಮನಿಗೆ ಬೈಯೋಕೂ ಬಾಯಿ ಬರಲಿಲ್ಲ. ಸಂಡಿಗೆ ಪಕ್ಕದಲ್ಲೇ ಕುಕ್ಕರಿಸಿದಳು. ಮಗ ಹೆದರಿ, ಕೋಲು ಬಿಸಾಕಿ, ಅವಳ ಮೊಣಕಾಲು ಹಿಡಿದು "ಅವ್ವಾ, ಬೈಯಿ ಅವ್ವಾ, ಬೈಯಿ" ಅಂದ. ಬೈಯದೇ ಇದ್ರೆ ಮುಂದೆ ಏನು ಮಾಡಬೇಕು ಅಂತ ಅವನಿಗೆ ತಿಳಿಯೋದೆಂಗೆ?

ಪಾಲಮ್ಮ ಕಣ್ಣೊರೆಸಿಕೊಂಡು ಎದ್ದಳು. "ಇನ್ನು ನೀನು ಏನೂ ಮಾಡಬೇಡ ಮಗಾ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ."

ಜೀವಮಾನದಲ್ಲಿ ಅವಳು ಆ ಕ್ಯಾಮೆರಾ ಗುಂಡಿ ಒತ್ತಿದೋಳಲ್ಲ. ಅದು ಗಂಡಸರ ಕೆಲಸ ಅಂತ ಊರು ಅಂದಿತ್ತು, ಇವಳೂ ಹೂಂ ಅಂದಿದ್ದಳು. ಪೂಜೆ ದಿನ ಕೋಳಿ ಕೂಗಿದ ಮೇಲೆ ತಲೆಗೆ ನೀರು ಹಾಕ್ಕೊಂಡು, ಉಳಿದ ಒಂದು ರೀಲು ಕ್ಯಾಮೆರಾಕ್ಕೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಮಗನನ್ನ ಕರಕೊಂಡು ಹೊರಟಳು.

ಅವನನ್ನ ಮನೇಲಿ ಬಿಟ್ರೆ ಮನೆ ಉಳಿಯಲ್ಲ, ಹಿಂದೆ ಬಿಟ್ರೆ ಗಾಡಿ ಉಳಿಯಲ್ಲ. ಅದಕ್ಕೆ ಗಾಡಿಮನೆ ಮುಟ್ಟಿದ ಮೇಲೆ ಹೇಳಿದಳು: "ನನ್ನ ಕಣ್ಣೆದುರಿಗೇ ಇರಬೇಕು. ಗಾಡಿ ಪಕ್ಕ ಹೋಗಿ, ಒಂದು ಕೈ ಅದರ ಮೇಲಿಟ್ಟು ನಿಲ್ಲು. ಅಲ್ಲಾಡಬೇಡ. ಮಾತಾಡಬೇಡ. ನಾನು 'ಸಾಕು' ಅನ್ನೋ ತನಕ ಕಲ್ಲಾಗಿರು!"

"ಹೂಂ ಅವ್ವಾ" ಅಂದವನು, ಮೇನಾ ಮೇಲೆ ಕೈ ಇಟ್ಟು ಆಗಲೇ ಕಲ್ಲಾದ.

ದಸ್ತಗೀರ್ ಸಾಬ್ರು ಗಲ್ಲ ಕೆರಕೊಂಡ್ರು. "ಅಮ್ಮಾ, ಫೋಟೋದಾಗೆ ಈ ಹರುಕು ಅಂಗಿ ಬೇಡ" ಅಂತ ಪೆಟ್ಟಿಗೆಯಿಂದ ಹಳೇ ಕಾಲದ ಡ್ರೈವರ್ ಕೋಟು, ಜರಿ ಪೇಟ ತಂದು ತೊಡಿಸಿದ್ರು. ಓಬಳೇಶಿ ತೊಡಿಸಿಕೊಂಡ, ಕಣ್ಣು ಮಿಟುಕಿಸಲಿಲ್ಲ.

ಪಾಲಮ್ಮ ಕ್ಯಾಮೆರಾ ಕಣ್ಣಿಗಿಟ್ಟಳು. ಕೈ ನಡುಗಿತು. ಇಳಿಸಿದಳು. "ಸಾಬ್ರೇ, ಕೈ ನಡುಗ್ತದೆ."

"ನಡುಗಲಿ ಬಿಡಮ್ಮಾ. ಕಾರೂ ಮೊದಲು ನಡುಗಿಯೇ ಹೊರಡೋದು."

ನಗು ಬಂತು ಅವಳಿಗೆ. ನಗುತ್ತಾ ನಗುತ್ತಾ ಉಸಿರು ಹಿಡಿದು ಒತ್ತಿದಳು. ಟಕ್! "ಸಾಕು ಮಗಾ, ಆ ಕಡೆ ಬಾ." ಮೇನಾ ಆಯ್ತು. ಸಾರೋಟು ಆಯ್ತು, "ಸಾಕು ಮಗಾ." ಬಸ್ಸು ಆಯ್ತು, "ಸಾಕು ಮಗಾ." ಕೊನೆಗೆ ಕಪ್ಪು ಕಾರು. ಟಕ್! ಫೋಟೋ ಎಲ್ಲ ಮುಗೀತು. ಮುಗಿದದ್ದೇ ತಡ, ಕ್ಯಾಮೆರಾ ಸೆರಗಲ್ಲಿ ಮುಚ್ಚಿಕೊಂಡು ಸ್ಟುಡಿಯೋ ಕಡೆ ಓಡಿದಳು. ತೊಳೀಬೇಕು, ಅಚ್ಚು ಹಾಕಬೇಕು, ಒಣಗಿಸಬೇಕು, ಸಾಯಂಕಾಲದೊಳಗೆ! ಆ ಗಡಿಬಿಡೀಲಿ ಒಂದು ಮಾತು ಮರೆತಳು. ಯಾವ ಮಾತು? ಹೂಂ, ನಿಮಗೆ ಗೊತ್ತಾಯ್ತು.

ಕೆಂಪು ದೀಪದ ಕೆಳಗೆ ಔಷಧಿ ನೀರಲ್ಲಿ ಕಾಗದ ಅದ್ದಿದಳು. ಮೆಲ್ಲಗೆ ಮೂಡ್ತು. ಮೊದಲು ಚಕ್ರ, ಆಮೇಲೆ ಗಾಡಿ, ಆಮೇಲೆ ಗಾಡಿ ಪಕ್ಕ ಕೋಟು ಪೇಟದಲ್ಲಿ ನಿಂತ ಅವಳ ಮಗ. ಒಂದೊಂದರಲ್ಲೂ ಹಾಗೇ, ಒಂದು ಕೈ ಗಾಡಿ ಮೇಲೆ, ಕಣ್ಣು ನೇರ ಇವಳ ಕಡೆ. ಒಂದೂ ಅಲ್ಲಾಡಿರಲಿಲ್ಲ, ಒಂದೂ ಮಸುಕಾಗಿರಲಿಲ್ಲ. ಪಾಲಮ್ಮ ಒಬ್ಬಳೇ ನಕ್ಕಳು, ಒಬ್ಬಳೇ ಅತ್ತಳು.

ಅತ್ತ ಗಾಡಿಮನೇಲಿ ಸಾಯಂಕಾಲ ಆಯ್ತು. ದಸ್ತಗೀರ್ ಸಾಬ್ರು ಸ್ಟುಡಿಯೋಗೆ ಬಂದು ಕೂತು, ಒಣಗಿದ ಫೋಟೋ ಒಂದೊಂದಾಗಿ ಇಸ್ಕೊಂಡು ಹೋಗಿ ಗೋಡೆಗೆ ಹೊಡೆದ್ರು. ಓಬಳೇಶಿ ಇನ್ನೂ ನಿಂತಿರೋದನ್ನ ಕಂಡು, ದೊರೆಸಾನಮ್ಮನೇ ನಿಲ್ಲಿಸಿರಬೇಕು ಅಂದ್ಕೊಂಡ್ರು. ಕಪ್ಪು ಕಾರಿನದ್ದೊಂದು ಇನ್ನೂ ಒಣಗಬೇಕಿತ್ತು. ಜನ ಬಂದ್ರು, ಪೂಜಾರಿ ಬಂದ. ಗಾಡಿಗಳಿಗೆಲ್ಲ ಕುಂಕುಮ, ಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜಾರಿ ಕಪ್ಪು ಕಾರಿನ ಹತ್ತಿರ ಬಂದ. ಪಕ್ಕದಲ್ಲಿ ಕೋಟು ಪೇಟದ ಆಳೊಂದು ಕೈ ಇಟ್ಟು ನಿಂತಿದೆ. ಅಲ್ಲಾಡೋದಿಲ್ಲ, ಮಾತಾಡೋದಿಲ್ಲ.

"ಏನು ಬೊಂಬೆ ಮಾಡವ್ರೆ ನೋಡ್ರೀ! ಜೀವ ಒಂದು ಕಮ್ಮಿ!"

"ಮಣ್ಣಿಂದೋ, ಮೇಣದ್ದೋ?"

"ಮೇಣ ಕಣೇ, ಬೆವರ್ತಾ ಐತೆ ನೋಡು."

ಪೂಜಾರಿ ಬೊಂಬೆ ಹಣೆಗೂ ಕುಂಕುಮ ಇಟ್ಟ, ಕೊರಳಿಗೂ ಹಾರ ಹಾಕಿದ, ಎರಡು ಪಾದದ ಮುಂದೂ ಎರಡು ನಿಂಬೆಹಣ್ಣು ಇಟ್ಟ. ಕುಂಬಳಕಾಯಿ ನಿವಾಳಿಸಿ ಒಡೆದ. ಬೊಂಬೆ ಜಪ್ಪಯ್ಯ ಅನ್ನಲಿಲ್ಲ.

ಗಾದ್ರಪ್ಪ ಚರ್ಮದ ಚೀಲ ಹೆಗಲಿಗೆ ಹಾಕ್ಕೊಂಡು ಬಂದಿದ್ದ. ಗೋಡೆ ಎಣಿಸಿದ, ಕಪ್ಪು ಕಾರಿನ ಹಿಂದೆ ಖಾಲಿ. "ಒಂದು ಫೋಟೋ ಇಲ್ಲ! ಕ್ಯಾಮೆರಾ ನಂದು!" ಅಂತ ಕುಣಿದ. ಕುಣೀತಾ ಕುಣೀತಾ ಬೊಂಬೆ ಮುಂದೆ ಬಂದು ನಿಂತ. "ಅರೆ, ನಮ್ಮ ಓಬಳೇಶಿ ಇದ್ದಂಗೈತೆ! ಆದ್ರೆ ಇದರ ಮುಖದಾಗೆ ಬುದ್ಧಿ ಕಾಣ್ತದೆ" ಅಂತ ಅದರ ಮೂಗು ಹಿಡಿದು ಅಲ್ಲಾಡಿಸಿದ.

ಆಗಲೇ ಪಾಲಮ್ಮ ಕೊನೇ ಫೋಟೋ ಎತ್ತಿ ಹಿಡಿದುಕೊಂಡು ಓಡಿ ಬಂದಳು. ಮಂಗಳಾರತಿ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ಫೋಟೋ ಗೋಡೆಗೆ ಹೋಯ್ತು. ತಿರುಗಿ ನೋಡ್ತಾಳೆ, ಹಾರ ಹಾಕಿಸಿಕೊಂಡು ಮಗ!

"ಅಯ್ಯೋ ನನ್ನ ದೇವರೇ! ಬೆಳಿಗ್ಗೆಯಿಂದ ಇಲ್ಲೇ ಇದ್ದೀಯೇನೋ? ಸಾಕು ಕಣೋ, ಸಾಕು ಮಗನೇ, ಸಾಕು!"

ಬೊಂಬೆ ಹೂಂ ಅಂತ ಉಸಿರು ಬಿಟ್ಟಿತು. "ಅವ್ವಾ, ಹಸಿವು!" ಅಂದು ಒಂದು ಹೆಜ್ಜೆ ಮುಂದಿಟ್ಟಿತು. ನಿಂಬೆಹಣ್ಣು ಪಚಕ್ ಅಂತು. ಅಷ್ಟೇ! ಹೆಂಗಸರು ಕಿಟಾರ್ ಅಂದ್ರು, ಪೂಜಾರಿ ಆರತಿ ತಟ್ಟೆ ಬಿಟ್ಟು ಬಸ್ಸಿನ ಒಲೆ ಒಳಗೆ ತೂರಿದ, ಗಾದ್ರಪ್ಪ ಹಿಂದಕ್ಕೆ ಹಾರಿ ಮೇನಾ ಒಳಗೆ ಅಂಗಾತ ಬಿದ್ದ. ದೊರೆಸಾನಮ್ಮ ನಕ್ಕು ನಕ್ಕು ಪಕ್ಕೆ ಹಿಡಕೊಂಡಳು.

ಆಮೇಲೆ ಏನಾಯ್ತು ಅಂತೀರಾ? ಕ್ಯಾಮೆರಾ ಪಾಲಮ್ಮನ ಮನೇಲೇ ಉಳೀತು. ಪಾಲಮ್ಮ ಮೊದಲು ಆ ಮದುಮಕ್ಕಳನ್ನ ಮತ್ತೆ ಕರೆಸಿ ಸಾರೋಟಿನಲ್ಲಿ ಕೂರಿಸಿ ಫೋಟೋ ತೆಗೆದಳು. ಆಮೇಲೆ ಸುತ್ತಲ ಊರ ಹೆಂಗಸರೆಲ್ಲ ಅವಳ ಹತ್ತಿರವೇ ಬಂದ್ರು, ಹೆಂಗಸಿನ ಮುಂದಾದ್ರೆ ನಾಚಿಕೆ ಇಲ್ಲದೆ ನಗಬಹುದು ಅಂತ. ಗಾದ್ರಪ್ಪನ್ನ ಮೇನಾದಿಂದ ಹೊತ್ತು ಇಳಿಸಬೇಕಾಯ್ತು. ಸೊಂಟ ಸರಿಹೋದ ಮೇಲೆ ಅತ್ತಿಗೆ ತೆಗೆದ ಫೋಟೋಗಳಿಗೆಲ್ಲ ಅವನೇ ಕಟ್ಟು ಹಾಕಿ ಚೆನ್ನಾಗಿ ಬಾಳಿದ. ದಸ್ತಗೀರ್ ಸಾಬ್ರು ಬಸ್ಸಿಗೆ ಹೊಸ ಮೆಟ್ಟಿಲು ಕಟ್ಟಿ, ಸಂತೆ ದಿನ ಮಾತ್ರ ಬಾಗಿಲಿಗೆ ಬೀಗ ಹಾಕ್ತಿದ್ರು. ದೊರೆಸಾನಮ್ಮ ತುಂಬ ವರ್ಷ ಬದುಕಿ, ಬಂದೋರಿಗೆಲ್ಲ ಪೂಜಾರಿ ಒಲೆ ಹೊಕ್ಕ ಕತೆ ಹೇಳಿ ನಗಿಸ್ತಿದ್ದಳು.

ಓಬಳೇಶಿಗೆ ಗಾಡಿಮನೇಲೇ ಕೆಲಸ ಸಿಕ್ತು. ಕೋಟು ಪೇಟ ತೊಟ್ಟು ಕಪ್ಪು ಕಾರಿನ ಪಕ್ಕ ನಿಲ್ಲೋದು. ಊಟದ ಹೊತ್ತಿಗೆ ಅವ್ವ ಬಂದು "ಸಾಕು" ಅನ್ನೋಳು, ಉಂಡು ಮತ್ತೆ ನಿಲ್ಲೋನು. ಒಂದಿನ ಪಕ್ಕದ ಹಳ್ಳಿ ಹುಡುಗಿ ತಿಮ್ಮಕ್ಕ ಅನ್ನೋಳು ಅದು ಬೊಂಬೆ ಅಂತಲೇ ತಿಳಿದು, ಅದರ ಮುಂದೆ ನಿಂತು ಅಪ್ಪನ ಮೇಲೆ, ಅಣ್ಣನ ಮೇಲೆ, ಎಮ್ಮೆ ಮೇಲೆ ಇದ್ದಬದ್ದ ಸಿಟ್ಟೆಲ್ಲ ಕಾರಿಕೊಂಡಳು. ಬೊಂಬೆ ಒಂದು ಮಾತೂ ಎದುರಾಡಲಿಲ್ಲ. ಆಮೇಲೆ ಅದು ಮನುಷ್ಯ ಅಂತ ಗೊತ್ತಾಗಿ, "ಇಂಥ ಗಂಡು ಎಲ್ಲಿ ಸಿಕ್ತಾನೆ!" ಅಂತ ಓಬಳೇಶೀನೇ ಮದುವೆ ಆದಳು.